ಹೌಸಾಬಾಯಿಯ ಹತ್ತಿರ ಮರಿ ಕೇಳಿದ್ದು

೩ ಅಕ್ಟೋಬರ್ ೧೯೯೪, ಸೋಮವಾರ. ಪಿಂಪ್ರಿ.

ಬಾಯಿಂದ ಬಿದ್ದ ಮಾತು ಇನ್ನೂ ಎದೆಯಲ್ಲಿ ಕುಟುಕುತ್ತಿದೆ.

ಸೂರತ್ತಿನಲ್ಲಿ ಪ್ಲೇಗ್ ಎಂದು ಸುದ್ದಿ ಬಂದ ಮೇಲೆ ನಮ್ಮ ಚಾಳಿನ ವಠಾರದವರಿಗೆ ಇಲಿ ಕಂಡರೆ ಹುಲಿ ಕಂಡಂತೆ. ನಮ್ಮ ಮನೆಯಲ್ಲಂತೂ ಅವು ಮೊಮ್ಮಗಳ ತೊಟ್ಟಿಲ ಹಗ್ಗದ ಮೇಲೇ ಓಡಾಡುತ್ತವೆ. ಅದಕ್ಕೇ ಬೆಕ್ಕಿನ ಮರಿ ತರೋಣವೆಂದು ಹಾಲು ಮಾರುವ ಹೌಸಾಬಾಯಿಯ ಮನೆಗೆ ಹೋಗಿ, ನನಗೆ ಬರುವ ಮರಾಠಿಯಲ್ಲಿ ಕೇಳಿದೆ: “ಮಲಾ ಘರಾತ ಮರಿ ಪಾಹಿಜೆ.” ಮನೆಯಲ್ಲಿ ನನಗೊಂದು ಮರಿ ಬೇಕು ಎಂದು ನನ್ನ ಲೆಕ್ಕ.

ಅವಳು ಚೆಂಬು ಕೆಳಗಿಟ್ಟು ಕೆನ್ನೆ ಬಡಿದುಕೊಂಡಳು. ಮರಾಠಿಯಲ್ಲಿ ಮರಿ ಎಂದರೆ ಪ್ಲೇಗು, ಕಾಲರಾದಂಥ ಮಾರಿಬೇನೆಯಂತೆ! ನಾನು ಮ್ಯಾಂವ್ ಎಂದು ತೋರಿಸಿದ ಮೇಲೆ ನಕ್ಕಳು. ನಾಳೆ ಬೆಳಿಗ್ಗೆ ಕೊಡುತ್ತಾಳೆ.

ಸೊಸೆ ಭಾಗ್ಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅತ್ತಿ, ಊರ ಮಂದಿ ಮಾರಿ ಬ್ಯಾಡಂತಾರ, ನೀವು ಕೇಳ್ಕೊಂಡ ಬರ್ಲಿಕ್ಕ ಹೋಗಿದ್ರೇನ್ರಿ?”

“ನಗು, ನಗು. ಮೊದಲ ಆ ಜ್ವಾಳದ ಚೀಲ ಮ್ಯಾಲಿಡು. ಬೆಕ್ಕ ಬರೂದ್ರಾಗ ಇಲಿ ನಿನ್ನನ್ನೂ ಹೊತ್ಕೊಂಡ ಹೋಗ್ತಾವ,” ಎಂದೆ.

ಬುಟ್ಟಿಗೆ ಹಳೆ ಸೀರೆ ಹಾಸಿದೆ, ಒಡೆದ ಬೋಗುಣಿಗೆ ಮರಳು ತುಂಬಿದೆ. ಕೈ ಕೆಲಸ ಮಾಡಿತು, ಮನಸ್ಸು ಅಲ್ಲಿರಲಿಲ್ಲ. ಈ ನಾಲಿಗೆ ಚಾಳಿನಲ್ಲಿ ಯಾರನ್ನೂ ಬಿಟ್ಟಿಲ್ಲ. ಆದರೂ ವೈರಿಯ ಮನೆಗೂ ಮಾರಿ ಬರಲಿ ಎಂದವಳಲ್ಲ ನಾನು. ಇಂದು ನನ್ನ ಮನೆಗೇ ಬೇಡಿಕೊಂಡುಬಿಟ್ಟೆ.

ಸಂಜೆ ಕೂಸು ಎರಡು ಸಲ ಸೀನಿತು. ಹಣೆ ಮುಟ್ಟಿದೆ, ತಣ್ಣಗಿತ್ತು. ಈಗ ಮತ್ತೆ ಮುಟ್ಟಿದೆ, ತಣ್ಣಗೇ ಇದೆ. ಆದರೆ ನನ್ನ ಅಂಗೈಯೇ ಬಿಸಿಯಾಗಿದ್ದರೆ ಕೂಸಿನ ಬಿಸಿ ತಿಳಿಯುವುದು ಹೇಗೆ?

ನಕ್ಕರೆ ನಗಲಿ, ಭಾಗ್ಯಾಳನ್ನು ಎಬ್ಬಿಸಿ ಅವಳ ಕೈಯಿಂದಲೂ ಒಮ್ಮೆ ಕೂಸಿನ ಹಣೆ ಮುಟ್ಟಿಸಿ ನೋಡುತ್ತೇನೆ.