ಎರಡು ಇಂಚಿನ ಪೈಪಿನೊಳಗೆ ಮೂವತ್ತೆಂಟು ಜನ

ಕಣ್ಣಿನ ಶಸ್ತ್ರಚಿಕಿತ್ಸೆಯ ಯಾದಿಯನ್ನು ಕಾಯುವ ಮಾನ್ಯ ಅಧಿಕಾರಿಗಳೇ,

ನನ್ನ ಅವ್ವ ಯಮನವ್ವ ನಿಮ್ಮ ಕಂಪ್ಯೂಟರಿನಲ್ಲಿ ಕಾಣೆಯಾಗಿದ್ದಾಳೆ. ಖಡಕಿ ಬಡಾವಣೆಯ ನಮ್ಮ ಮನೆಯಲ್ಲಿ ಇದ್ದಾಳೆ. ಈಗಷ್ಟೇ ಚಹಾ ಕುಡಿದಳು. ಎಡಗಣ್ಣು ಹೋಗಿ ನಾಲ್ಕು ವರ್ಷ. ಬಲಗಣ್ಣಿನ ಪೊರೆ ಬಲಿತಿದೆ, ತಡಮಾಡಿದರೆ ಅದೂ ಉಳಿಯದೆಂದು ವೈದ್ಯರು ಹೇಳಿ ಐದು ತಿಂಗಳಾಯಿತು.

ಅರ್ಜಿಯ ಸರದಿಯಲ್ಲಿ ಅವಳಿಗಿಂತ ಮುಂದಿದ್ದವರು ನೆರೆಮನೆಯ ಈರಣ್ಣ. ಭೋಸರಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು. ಇಂಚು ಎಂದು ಎಂದೂ ಅಕ್ಷರದಲ್ಲಿ ಬರೆದವರಲ್ಲ, ಅಂಕಿಯ ಪಕ್ಕ ಮೇಲೆ ಎರಡು ಗೀಟು ಎಳೆಯುವವರು. ವಿಳಾಸದಲ್ಲಿ 2" ಪೈಪಿನ ಎದುರು ಎಂದು ಬರೆದರು. ನಿಮ್ಮವರು ಹಾಗೆಯೇ ಟೈಪ್ ಮಾಡಿದರು. ಫೈಲನ್ನು ಹೊಸ ಕಂಪ್ಯೂಟರಿಗೆ ಸುರಿದಾಗ ಅದು ಆ ಗೀಟುಗಳನ್ನು ಉದ್ಧರಣ ಚಿಹ್ನೆಯೆಂದು ಬಗೆದು, ಮುಗಿಸುವ ಚಿಹ್ನೆ ಸಿಗುವ ತನಕ ಬಂದವರನ್ನೆಲ್ಲ ಈರಣ್ಣನವರ ವಿಳಾಸವೆಂದೇ ನುಂಗಿತು. ಚಿಹ್ನೆ ಸಿಕ್ಕಿದ್ದು ಅವರ ನಂತರದ ಮೂವತ್ತೆಂಟನೆಯವರಾದ ಪ್ರಲ್ಹಾದರ ಅರ್ಜಿಯಲ್ಲಿ. ಅವರೂ ಫಿಟ್ಟರ್! ಉದ್ಧರಣ ಚಿಹ್ನೆಯಿಂದ ಯಾರ ಉದ್ಧಾರವಾಯಿತು, ಮಾನ್ಯರೇ? ಪರದೆಯ ಮೇಲೆ ಮಾತ್ರ ‘ದೋಷ: ಸೊನ್ನೆ’ ಎಂದು ಬಂತಂತೆ. ಇದನ್ನೆಲ್ಲ ಬಿಡಿಸಿ ಹೇಳಿದವಳು ವಿಮಾನ ನಗರದಲ್ಲಿ ಇಂಥದೇ ಕೆಲಸ ಮಾಡುವ ನನ್ನ ಮಗಳು ಹರ್ಷದಾ.

ನಿಮ್ಮ ಗೋಡೆಗೆ ಹಚ್ಚಿದ ಯಾದಿಯಲ್ಲಿ ಅವ್ವನ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದೆ. ಗುಮಾಸ್ತರು ನಮ್ಮ ಬೆಳಗಾವಿ ಕಡೆಯವರೇ.

“ಅದು ಹೆಸರಲ್ಲರೀ, ಅಡ್ರೆಸ್ಸು. ಈರಣ್ಣ ಅವರದು.”

“ಇಷ್ಟುದ್ದ ಅಡ್ರೆಸ್ ಇರತದೇನ್ರಿ?”

“ಮನಿ ಭಾಳ ದೊಡ್ಡದಿರಬೇಕು, ಬಿಡ್ರಿ.”

ಮನೆಗೆ ಬಂದು ಹೇಳಿದಾಗ ಅವ್ವ ಅಂದಳು, “ನಾ ಈರಣ್ಣನ ಮನ್ಯಾಗ ಇರ್ತೀನಂತ ಸರಕಾರದವರು ಬರಕೊಂಡಾರ? ಅವನ ಹೆಂಡತಿ ಪಾರವ್ವಗ ಮೊದಲ ಹೇಳಿ ಬಾ. ಹೊರಗಿಂದ ಗೊತ್ತಾದ್ರ ಜಗಳಕ್ಕ ಬರ್ತಾಳ!”

ಪಾರವ್ವ ಅವಳೆದುರಿಗೇ ನಿಂತಿದ್ದರು.

ನಾನು ನಗಬೇಕಿತ್ತು, ಇಲ್ಲವೇ ಅಳಬೇಕಿತ್ತು. ಎರಡೂ ಆಗಲಿಲ್ಲ. ಕೈಯಲ್ಲಿದ್ದ ಚೀಲವನ್ನು ಗೂಟಕ್ಕೆ ಹಾಕಿದೆ.

ತನಿಖಾ ಸಮಿತಿ ಬೇಡ. ಕಾಗದದ ಅರ್ಜಿಗಳು ಇನ್ನೂರ ಹನ್ನೆರಡು, ಯಾದಿಯಲ್ಲಿರುವವರು ನೂರ ಎಪ್ಪತ್ತನಾಲ್ಕು. ಯಾರಾದರೊಬ್ಬ ಗುಮಾಸ್ತರನ್ನು ಕೂರಿಸಿ ಎಣಿಸಿ. ಗೀಟು ಅಳಿಸಿ ಇಂಚು ಎಂದು ಬರೆದು ಫೈಲನ್ನು ಮತ್ತೆ ಹಾಕಿ. ಮೂವತ್ತೆಂಟು ಜನಕ್ಕೂ ಅವರವರ ಹಳೆಯ ಸರದಿಯಲ್ಲೇ ದಿನಾಂಕ ಕೊಡಿ. ಬೇಗ ಕೊಡಿ, ಬಿಸಿಲು ಮನೆಯೊಳಗೆ ಬಿದ್ದಿದ್ದರೂ ಬೆಳಗಾಯಿತೇ ಎಂದು ಅವ್ವ ಈಗ ನನ್ನನ್ನು ಕೇಳುತ್ತಿದ್ದಾಳೆ.

ಇಂತಿ,
ಈರಣ್ಣನವರ ವಿಳಾಸದ ಹದಿನಾಲ್ಕನೆಯ ಸಾಲಿನಲ್ಲಿ ವಾಸವಾಗಿರುವವಳ ಮಗ