ದುಭಾಷಿ ಮಗಳು

೧೭ ನವೆಂಬರ್ ೧೯೯೨, ಮಂಗಳವಾರ. ಜಂಗಮವಾಡಿ, ಕಾಶಿ.

ಆ ಪಾಠ ಇವತ್ತೇ ಬರಬೇಕಿತ್ತೇ?

ಎಂ.ಎ. ತರಗತಿಯಲ್ಲಿ ಅಮೆರಿಕನ್ ಕತೆ. ವಲಸೆ ಬಂದ ಮುದುಕಿಗೆ ಇಂಗ್ಲಿಷ್ ಬರುವುದಿಲ್ಲ; ಮಗಳು ಅವಳ ಮಾತನ್ನು ಡಾಕ್ಟರಿಗೆ ಬೇಕೆಂದೇ ತಿರುಚಿ ಹೇಳುತ್ತಾಳೆ. ಪಾಪ, ಅವಳಾದರೂ ಏನು ಮಾಡಿಯಾಳು ಎಂದರು ಹುಡುಗರು. ನಾನು ಒಪ್ಪಲಿಲ್ಲ. ಇದು ದ್ರೋಹ ಎಂದು ಮೇಜು ಗುದ್ದಿ ಬರೆಸಿದೆ. ವಿಶ್ವವಿದ್ಯಾಲಯದ ಲಂಕಾ ಗೇಟಿನಿಂದ ರಿಕ್ಷಾದಲ್ಲಿ ಮನೆಗೆ ಬರುವಾಗಲೂ ಅದೇ ಉರಿ.

ಅವ್ವ ಹಾಸಿಗೆ ಹಿಡಿದು ತಿಂಗಳಾಯಿತು. ಕಾಶಿಯಲ್ಲೇ ಸಾಯುತ್ತೇನೆಂದು ಹಟ ಹಿಡಿದು ಬಂದವಳಿಗೆ ಈಗ ಬೇರೆಯೇ ಹಟ. ನನಗೆ ಹೇಳಿ ಹೇಳಿ ಸಾಕಾಗಿ, ಸಂಜೆ ಮೊಮ್ಮಗಳ ಕೈ ಹಿಡಿದಳು.

"ನನ್ನ ಇಲ್ಲಿ ಸುಡಬ್ಯಾಡ್ರಿ. ಊರಾಗ, ನಿಮ್ಮಜ್ಜನ ಮಗ್ಗಲದಾಗ ಮಣ್ಣು ಮಾಡ್ರಿ ಅಂತ ನಿಮ್ಮವ್ವಗ ಹೇಳವ್ವ."

ನನ್ನ ಮಗಳು ವಚನಾಳಿಗೆ ಕನ್ನಡ ಅಷ್ಟಕ್ಕಷ್ಟೆ. ಅಜ್ಜಿ ಏನು ಹೇಳುತ್ತಿದ್ದಾಳೆಂದು ಹಿಂದಿಯಲ್ಲೇ ನನ್ನನ್ನು ಕೇಳಿದಳು: "ಮಮ್ಮೀ, ನಾನೀ ಕ್ಯಾ ಬೋಲ್ ರಹೀ ಹೈಂ?"

ಅಪ್ಪನ ಸಮಾಧಿಯಿದ್ದ ಹೊಲವನ್ನು ತಮ್ಮ ಹೋದ ವರ್ಷವೇ ಮಾರಿದ್ದಾನೆ. ಅವ್ವನಿಗೆ ನಾವು ತಿಳಿಸಿಲ್ಲ.

"ಪಾನೀ ಮಾಂಗ್ ರಹೀ ಹೈಂ," ಎಂದೆ.

ಮಗು ಓಡಿಹೋಗಿ ನೀರು ತಂದಿತು. ಅವ್ವ ಲೋಟವನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಅಷ್ಟನ್ನೂ ಕುಡಿದಳು.