ಕೆಂಪು ಛತ್ರಿಯ ಪ್ಯಾರಾಶೂಟ್

ಲ್ಯಾನ್ಸಿ,

ನೀವು ತೀರಿಹೋದ ಮೇಲೆ ನಾನು ಯಾರಿಗೂ ಮುಟ್ಟಲು ಬಿಡದಿದ್ದ ನೀವು ಕೈಯಾರೆ ಮಾಡಿದ ಕೊನೆಯ ಪುಟ್ಟ ರಾಕೆಟನ್ನು ನಮ್ಮ ಮಗಳು ಶರಲ್ ಇವತ್ತು ತಣ್ಣೀರುಬಾವಿ ಬೀಚಿನಲ್ಲಿ ಹಾರಿಸಿದಳು. ಅವಳು ಅದನ್ನು ಕಡಲಿನತ್ತ ಓರೆ ಮಾಡಿದಾಗ ನನಗೆ ಜೀವವೇ ಹೋಯಿತು.

"ಎಂತ ಮಾಡುದು ನೀನು? ನೀರಿಗೆ ಬೀಳ್ತದೆ."

"ಪಪ್ಪಾ ಹೇಳಿಕೊಟ್ಟದ್ದೇ ಹೀಗೆ, ಮಮ್ಮಿ. ಗಾಳಿ ವಾಪಸ್ ತರ್ತದೆ."

ರಾಕೆಟ್ ಮೇಲಕ್ಕೆ ಹಾರಿ, ಅಲೆಗಳ ಮೇಲೆ ಅದರ ಪ್ಯಾರಾಶೂಟ್ ಬಿಚ್ಚಿಕೊಂಡಿತು. ಗಾಳಿ ಅದನ್ನು ಮೆಲ್ಲಗೆ ತಂದು ಮರಳಿನ ಮೇಲೆ ಇಳಿಸಿತು. ಓಡಿಹೋಗಿ ಎತ್ತಿಕೊಂಡೆ. ಎಲ್ಲಿಯೂ ಮುರಿದಿರಲಿಲ್ಲ, ಹೋದ ಜೀವ ಬಂತು.

ಆಮೇಲೆ ಪ್ಯಾರಾಶೂಟಿನ ಬಟ್ಟೆ ನೋಡಿದೆ. ಕೊಟ್ಟಾರದ ಬಸ್ಸಿನಲ್ಲಿ ಮರೆತೆನೆಂದುಕೊಂಡಿದ್ದ ನನ್ನ ಕೆಂಪು ಛತ್ರಿ!

ಶರಲ್ ನಕ್ಕಳು. "ನೀವು ಒಮ್ಮೆ ನಮ್ಮೊಟ್ಟಿಗೆ ಬಂದಿದ್ರೆ ಪಪ್ಪಾ ಆಗಲೇ ಸಿಕ್ಕಿಬೀಳ್ತಿದ್ರು."

ನಾನೂ ನಕ್ಕೆ. ಬಂದರೆ ಸಿಕ್ಕಿಬೀಳುತ್ತೀರೆಂದು ಗೊತ್ತಿದ್ದೂ ನೀವು ಪ್ರತಿ ಆದಿತ್ಯವಾರ ನನ್ನನ್ನು ಇಲ್ಲಿಗೆ ಕರೆಯುತ್ತಿದ್ದಿರಿ.